ಡಬ್ಬದಲ್ಲಿ ಉಳಿದ ಐದು ಮಾತ್ರೆ

ಅಮ್ಮನ ಮಾತ್ರೆ ಡಬ್ಬದಲ್ಲಿ ಐದು ಮಾತ್ರೆ ಉಳಿದಿತ್ತು. ಒಂದೂ ಉಳಿಯಬಾರದಿತ್ತು.

ಮಲ್ಲಿಗೆ ಗಿಡದ ಬುಡ ಬಿಡಿಸುವಾಗ ಹಾರೆ ತಾಗಿ ಅವಳ ಪಾದಕ್ಕೆ ಗಾಯವಾಗಿತ್ತು. ಊರಿನ ಡಾಕ್ಟರು ಆಂಟಿಬಯೋಟಿಕ್ ಬರೆದುಕೊಟ್ಟರು. ದಿನಕ್ಕೆ ಮೂರು, ಐದು ದಿನ, ಒಟ್ಟು 15. ಚೀಟಿಯ ಫೋಟೋವನ್ನು ನನ್ನ ತಮ್ಮ ಕಳಿಸಿದ. ನಾನು ಮಂಗಳೂರಿನಿಂದ ಉಡುಪಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾತ್ರೆ ಕೊಟ್ಟು ಕಳಿಸಿದೆ. ಕಟಪಾಡಿಯಲ್ಲಿ ತಮ್ಮ ನಿಂತು ತೆಗೆದುಕೊಂಡ. ಆ ಸಂಜೆ ಅಂಗಡಿಯಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಮನೆಯಲ್ಲಿ ನಮ್ಮದು ತುಳು. "ಒಣಸ್ ಆಯಿಬೊಕ್ಕ ಒಂಜೊಂಜಿ" ಎಂದೆ. ಊಟ ಆದ ಮೇಲೆ ಒಂದೊಂದು. ಐದು ದಿನ, ಒಂದು ಹೊತ್ತೂ ಬಿಡಬೇಡ ಎಂದೆ. ಅಮ್ಮ "ಆವು ಮಗಾ" ಎಂದಳು. ಆಯ್ತು ಮಗಾ ಅಂತ.

ಆ ಭಾನುವಾರ ಶಂಕರಪುರದ ಮನೆಗೆ ಹೋದಾಗ ಗಾಯ ಇನ್ನೂ ಕೆಂಪಗೆ ಊದಿಕೊಂಡಿತ್ತು. ಡಬ್ಬ ತೆರೆದು ನೋಡಿದೆ. ಐದು ಮಾತ್ರೆ.

"ಬೆಳಗ್ಗಿನದ್ದು ಯಾಕೆ ತಗೊಳ್ಳಲಿಲ್ಲ ಅಮ್ಮ?" ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ ಅನ್ನಿಸುತ್ತದೆ.

ಅಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕಾಂಡೆ ಏರ್ ಒಣಸ್ ಮಲ್ಪುವೆರ್?" ಎಂದಳು. ಬೆಳಿಗ್ಗೆ ಯಾರು ಊಟ ಮಾಡ್ತಾರೆ?

ನಾನು ಸುಮ್ಮನಾದೆ. ಅವಳು ಹೇಳಿದ್ದು ಸರಿಯೇ. ನಮ್ಮ ಕಡೆ ಬೆಳಿಗ್ಗೆ ಆಗುವುದು ಚಾ-ತಿಂಡಿ. ಊಟ ಅಂದರೆ ಅನ್ನ. ಅದು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ. ಊಟ ಆದ ಮೇಲೆ ಒಂದೊಂದು ಎಂದು ನಾನು ಹೇಳಿದ್ದೆ, ಅವಳು ಹಾಗೆಯೇ ತೆಗೆದುಕೊಂಡಿದ್ದಳು. ಐದು ದಿನಕ್ಕೆ ಹತ್ತು. ಉಳಿದದ್ದನ್ನು ನಾನು ಜಾಸ್ತಿ ಕಳಿಸಿದ್ದೇನೆ ಅಂದುಕೊಂಡು ಜೋಪಾನವಾಗಿ ಎತ್ತಿಟ್ಟಿದ್ದಳು. ಮೂರು ಎಂಬ ಸಂಖ್ಯೆಯನ್ನು ನಾನು ಹೇಳಿಯೇ ಇರಲಿಲ್ಲ. ನನ್ನ ತಲೆಯಲ್ಲಿ ಅದು ಇತ್ತು. ಹಾಗಾಗಿ ಬಾಯಲ್ಲೂ ಬಂದಿದೆ ಎಂದು ನಂಬಿದ್ದೆ.

ನನ್ನ ಅಮ್ಮ ಲೆಕ್ಕ ತಪ್ಪುವ ಹೆಂಗಸಲ್ಲ. ಐವತ್ತು ವರ್ಷದಿಂದ ಮಲ್ಲಿಗೆ ಕಟ್ಟುತ್ತಿದ್ದಾಳೆ. ಶಂಕರಪುರ ಮಲ್ಲಿಗೆಯ ಲೆಕ್ಕ ಗೊತ್ತಿರುವವರಿಗೆ ಗೊತ್ತು: 800 ಹೂ ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆ ನಾರಿನಲ್ಲಿ ಮೊಗ್ಗು ಪೋಣಿಸುತ್ತಾ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾ, ಬೆಕ್ಕನ್ನು ಓಡಿಸುತ್ತಾ ಅವಳು 800 ಎಣಿಸುತ್ತಾಳೆ. ಅಂಥವಳಿಗೆ 15 ಮಾತ್ರೆ ಎಣಿಸಲು ಬರುವುದಿಲ್ಲವಾ? ಕೇಳಿದವರಿಗೆ ತಿಳುವಳಿಕೆ ಸಾಲದು ಎಂದು ನಾವು ಎಷ್ಟು ಬೇಗ ತೀರ್ಮಾನಿಸುತ್ತೇವೆ ಅಲ್ವಾ? ಇಲ್ಲಿ ಸಾಲದೇ ಹೋದದ್ದು ನನ್ನ ಮಾತು.

ಇದು ನನ್ನನ್ನು ಜಾಸ್ತಿ ಕಾಡಲು ಕಾರಣವಿದೆ. ನಾನು ಫಾರ್ಮಸಿಸ್ಟ್. 2009ರಿಂದ ಮಂಗಳೂರಿನಲ್ಲಿ ಮದ್ದಿನಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. "ಊಟ ಆದ ಮೇಲೆ" ಎಂಬ ಆ ಮಾತನ್ನು ದಿನಕ್ಕೆ ನೂರು ಸಲವಾದರೂ ಹೇಳುತ್ತೇನೆ. ಅಮ್ಮನ ಡಬ್ಬವನ್ನು ನಾನು ತೆರೆದು ನೋಡಿದೆ. ಉಳಿದವರ ಮನೆಯ ಡಬ್ಬ ನೋಡಿದವರು ಯಾರು?

ಮರುದಿನ ಕೆಲಸಕ್ಕೆ ಹೋದಾಗ ಅದೇ ಕೌಂಟರ್ ಬೇರೆಯಾಗಿ ಕಂಡಿತು.

ನಮ್ಮ ಅಂಗಡಿ ಇರುವುದು ಕಂಕನಾಡಿಯ ಕಡೆಗೆ ಹೋಗುವ ರಸ್ತೆಯಲ್ಲಿ. ಎದುರಿಗೇ ಬಸ್ ನಿಲ್ಲುತ್ತದೆ. "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಎಂದು ಬಸ್ ನಿಲ್ದಾಣದ ಹೆಸರನ್ನು ಕಂಡಕ್ಟರ್ ಕೂಗುತ್ತಾನೆ. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಾನೆ. ಈ ಗದ್ದಲದ ಮಧ್ಯೆ ಬಂದು ನಿಲ್ಲುವವರ ಭಾಷೆಗಳಾದರೂ ಎಷ್ಟು! ಈ ಊರಿಗೇ ಎಷ್ಟೊಂದು ಹೆಸರು. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಕಾಸರಗೋಡಿನ ಕಡೆಯಿಂದ ಬರುವ ಮಲಯಾಳಿಗರು ಮಾತ್ರೆಗೆ "ಗುಳಿಗ" ಎನ್ನುತ್ತಾರೆ. ತುಳುವರಿಗೆ ಗುಳಿಗ ಎಂದರೆ ದೈವ. ಕಟ್ಟಡ ಕೆಲಸಕ್ಕೆ ಬಂದ ಹುಡುಗರು ಹಿಂದಿಯಲ್ಲಿ ಕೇಳುತ್ತಾರೆ. ಹಾವೇರಿ, ದಾವಣಗೆರೆ ಕಡೆಯಿಂದ ಚಿಕಿತ್ಸೆಗೆ ಬಂದವರದ್ದು ಇನ್ನೊಂದು ಕನ್ನಡ.

ಭಾಷೆ ಗೊತ್ತಿಲ್ಲದಿರುವುದೇ ದೊಡ್ಡ ತೊಡಕು ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಭಾಷೆ ಬಾರದ ಕಡೆ ನಾವು ಎಚ್ಚರದಿಂದ ಇರುತ್ತೇವೆ. ಕೈ ತೋರಿಸುತ್ತೇವೆ, ಬೆರಳು ಎಣಿಸುತ್ತೇವೆ, ಮಾತ್ರೆಯ ಕವರಿನ ಮೇಲೆ ಸೂರ್ಯ ಚಂದ್ರ ಬರೆಯುತ್ತೇವೆ, ಅವರ ಮುಖ ನೋಡುತ್ತೇವೆ. ಬಿಹಾರದ ಹುಡುಗನೊಬ್ಬನಿಗೆ ಮಾತ್ರೆ ವಿವರಿಸಲು ನಾನು ಐದು ನಿಮಿಷ ಕೊಟ್ಟದ್ದುಂಟು. ಅಮ್ಮನಿಗೆ ಕೊಟ್ಟದ್ದು ಅರ್ಧ ನಿಮಿಷ. ಒಂದೇ ಭಾಷೆ, ಒಂದೇ ಮನೆ. ಇನ್ನೇನು ಹೇಳಬೇಕು ಎಂಬ ಧೈರ್ಯ. ಆ ಧೈರ್ಯವೇ ನನ್ನನ್ನು ತಪ್ಪಿಸಿತು.

ಅದಾದ ಮೇಲೆ ನಾನು "ಆಯ್ತು" ಎಂಬ ಮಾತನ್ನು ಕಿವಿಗೊಟ್ಟು ಕೇಳಲು ಶುರು ಮಾಡಿದೆ. "ಗೊತ್ತಾಯ್ತಾ?" ಎಂದು ನಾನು ಕೇಳುತ್ತೇನೆ. "ಆಯ್ತು", "ಆವು", "ಹ್ಞೂಂ ರೀ" ಎಂದು ಉತ್ತರ ಬರುತ್ತದೆ. ಇಷ್ಟು ವರ್ಷ ಅದನ್ನು ಅರ್ಥವಾಯಿತು ಎಂದೇ ತಿಳಿದುಕೊಂಡಿದ್ದೆ. ಆದರೆ ಎಷ್ಟೋ ಸಲ ಅದರ ಅರ್ಥ ಬೇರೆ. ಬಸ್ ಬಂತು, ಹೋಗಬೇಕು. ಹಿಂದೆ ಜನ ನಿಂತಿದ್ದಾರೆ, ಇನ್ನೊಮ್ಮೆ ಕೇಳಲು ನಾಚಿಕೆ. ಇಷ್ಟೂ ಗೊತ್ತಿಲ್ಲವಾ ಎಂದು ನೀವು ಅಂದುಕೊಂಡರೆ? ಮನೆಗೆ ಹೋಗಿ ಮಗನ ಹತ್ತಿರ ಕೇಳಿದರಾಯಿತು. ಇವೆಲ್ಲವೂ "ಆಯ್ತು" ಎಂಬ ಒಂದೇ ಮಾತಿನಲ್ಲಿ ಹೊರಗೆ ಬರುತ್ತವೆ.

ಅರ್ಥವಾದರೂ ನೆನಪಿನಲ್ಲಿ ಉಳಿಯುವುದು ಎಷ್ಟು? ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ರಾಯ್ ಕೆಸೆಲ್ಸ್ 2003ರಲ್ಲಿ ಒಂದು ಲೇಖನ ಬರೆದರು. ಡಾಕ್ಟರು, ನರ್ಸುಗಳು ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಎಂದು ಅದರಲ್ಲಿದೆ. ನೆನಪಿದೆ ಅಂದುಕೊಂಡದ್ದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮೈಯಲ್ಲಿ ನೋವು, ತಲೆಯಲ್ಲಿ ಹೆದರಿಕೆ, ಕೈಯಲ್ಲಿ ಬಿಲ್ಲು. ಆ ಹೊತ್ತಿನಲ್ಲಿ ನಾನೂ ಮರೆಯುತ್ತೇನೆ.

ಇದಕ್ಕೆ ವೈದ್ಯಕೀಯದಲ್ಲಿ ಒಂದು ದಾರಿ ಇದೆ. ನಾನು ಓದುವಾಗಲೇ ಕಲಿತದ್ದು, ಬಳಸದೆ ಬಿಟ್ಟದ್ದು. ಇಂಗ್ಲಿಷಿನಲ್ಲಿ ಟೀಚ್-ಬ್ಯಾಕ್ ಎನ್ನುತ್ತಾರೆ. ಗೊತ್ತಾಯ್ತಾ ಎಂದು ಕೇಳುವ ಬದಲು, ಕೇಳಿಸಿಕೊಂಡವರ ಬಾಯಲ್ಲಿ ಅವರದೇ ಮಾತಿನಲ್ಲಿ ವಾಪಸ್ ಹೇಳಿಸುವುದು. ಇಷ್ಟೇ. ಆದರೆ ಕೇಳುವ ರೀತಿ ತಪ್ಪಿದರೆ ಎಲ್ಲ ಕೆಡುತ್ತದೆ. ಮೊದಲ ದಿನ ನಾನು ಒಬ್ಬರು ಹಿರಿಯರನ್ನು "ಈಗ ನಾನು ಏನು ಹೇಳಿದೆ ಹೇಳಿ ನೋಡುವ" ಎಂದು ಕೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ. ಮಾತ್ರೆ ತೆಗೆದುಕೊಂಡು ಏನೂ ಹೇಳದೆ ಹೋದರು. ಆ ಮುಖ ಈಗಲೂ ಕಣ್ಣೆದುರು ಬರುತ್ತದೆ.

ಆಮೇಲೆ ಮಾತು ಬದಲಿಸಿದೆ. "ಗಡಿಬಿಡಿಯಲ್ಲಿ ನಾನು ಏನಾದರೂ ಹೇಳಲು ಬಿಟ್ಟಿರಬಹುದು. ಮನೆಗೆ ಹೋಗಿ ಇದನ್ನು ಹೇಗೆ ತಗೊಳ್ತೀರಿ, ಒಮ್ಮೆ ಹೇಳಿ" ಎನ್ನುತ್ತೇನೆ. ಇದು ಬರೀ ಉಪಾಯದ ಮಾತಲ್ಲ. ಪರೀಕ್ಷೆ ನಿಜವಾಗಿಯೂ ನನ್ನದೇ. ಜನರಿಗೆ ಅದು ಗೊತ್ತಾಗುತ್ತದೆ. ಅವರು ಆರಾಮವಾಗಿ ಹೇಳುತ್ತಾರೆ, ಕೆಲವರು ಕೌಂಟರಿನ ಮೇಲೆ ಮಾತ್ರೆ ಸಾಲಾಗಿ ಇಟ್ಟು ತೋರಿಸುತ್ತಾರೆ.

ಹಾಗೆ ಕೇಳಲು ಶುರು ಮಾಡಿ ತಿಂಗಳಾಗಿರಲಿಲ್ಲ. ಹಾವೇರಿ ಕಡೆಯ ಒಬ್ಬರು ತಂದೆಯ ಗಂಟು ನೋವಿನ ಮದ್ದಿಗೆ ಬಂದರು. ಚೀಟಿಯಲ್ಲಿ ಮೆಥೋಟ್ರೆಕ್ಸೇಟ್ ಇತ್ತು. ಸಂಧಿವಾತಕ್ಕೆ ಕೊಡುವಾಗ ಅದು ವಾರದಲ್ಲಿ ಒಂದೇ ದಿನ. ತಪ್ಪಿ ದಿನವೂ ತೆಗೆದುಕೊಂಡರೆ ಬಾಯಿ ಹುಣ್ಣಾಗುತ್ತದೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದು ಕುಗ್ಗುತ್ತದೆ, ಜೀವಕ್ಕೇ ಅಪಾಯವಾಗುತ್ತದೆ. ಹೀಗೆ ಸತ್ತವರಿದ್ದಾರೆ. ನಾನು ನಾಲ್ಕು ಮಾತ್ರೆ ಕೊಟ್ಟು ನಿಧಾನವಾಗಿ, ಸ್ಪಷ್ಟವಾಗಿ "ವಾರಕ್ಕೊಂದು" ಎಂದೆ. ಕವರಿನ ಮೇಲೆ ಹಾಗೆಯೇ ಬರೆದೆ. ಆಮೇಲೆ, ಹೇಗೆ ಕೊಡುತ್ತೀರಿ ಹೇಳಿ ಎಂದು ಕೇಳಿದೆ.

"ಸೋಮಾರ ಒಂದು, ಮಂಗಳಾರ ಒಂದು, ಬುಧವಾರ ಒಂದು. ವಾರಕ್ಕೊಂದು ಅಂದ್ರ ಹಂಗ ಅಲ್ರಿ? ನಾಕ್ ದಿನಕ್ಕ ನಾಕು" ಎಂದರು.

ನನ್ನ ಕೈ ತಣ್ಣಗಾಯಿತು. ಅವರು ಹೇಳಿದ್ದರಲ್ಲಿ ಕನ್ನಡದ ತಪ್ಪು ಒಂದೂ ಇಲ್ಲ. ಇವತ್ತು ಯಾವ ವಾರ ಎಂದು ನಾವೇ ಕೇಳುವುದಿಲ್ಲವಾ? ವಾರ ಅಂದರೆ ಏಳು ದಿನವೂ ಹೌದು, ಒಂದು ದಿನವೂ ಹೌದು. ಹುಟ್ಟಿದಾಗಿನಿಂದ ಆಡಿದ ಮಾತಿನೊಳಗೆ ಇಂಥ ಗುಂಡಿ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ಈಗ "ಸೋಮವಾರ ಮಾತ್ರ. ಅದಾದ ಮೇಲೆ ಮುಂದಿನ ಸೋಮವಾರದ ತನಕ ಇದನ್ನು ಮುಟ್ಟಬಾರದು" ಎನ್ನುತ್ತೇನೆ. ಯಾವ ದಿನ ಎಂಬುದನ್ನು ಅವರೇ ಆರಿಸಲಿ ಎಂದು ಬಿಡುತ್ತೇನೆ. ಸಂತೆಯ ದಿನ ಆರಿಸಿದವರಿದ್ದಾರೆ, ಇಗರ್ಜಿಗೆ ಹೋಗುವ ಭಾನುವಾರ ಆರಿಸಿದವರಿದ್ದಾರೆ. ತಾವೇ ಆರಿಸಿದ ದಿನ ಮರೆಯುವುದಿಲ್ಲ.

ಊಟ ಎಂಬ ಪದಕ್ಕೆ ಇನ್ನೂ ಒಂದು ಗಂಟು ಇದೆ. ಏಕಾದಶಿ ದಿನ ಊಟ ಇಲ್ಲ, ಹಾಗಾಗಿ ಮಾತ್ರೆಯೂ ಇಲ್ಲ ಎಂದುಕೊಳ್ಳುವವರು ಉಡುಪಿ ಕಡೆ ಎಷ್ಟೋ ಜನ. ರಂಜಾನ್ ತಿಂಗಳಲ್ಲಿ ಮಧ್ಯಾಹ್ನದ ಮಾತ್ರೆಯನ್ನು ಯಾರಿಗೂ ಹೇಳದೆ ಬಿಡುವವರೂ ಇದ್ದಾರೆ. ಶುಗರ್ ಇರುವವರು ಕೆಲವು ಮಾತ್ರೆಗಳನ್ನು ನುಂಗಿ ಉಪವಾಸ ಕೂತರೆ ಸಕ್ಕರೆ ಅಂಶ ತೀರಾ ಇಳಿದು ತಲೆ ತಿರುಗಿ ಬೀಳಬಹುದು. ಇದನ್ನು ಅವರಾಗಿ ಹೇಳಲಿ ಎಂದು ಕಾಯಬಾರದು. "ಉಪವಾಸ ಮಾಡ್ತೀರಾ?" ಎಂದು ನಾನೇ ಕೇಳುತ್ತೇನೆ. ಮಾಡುತ್ತೇನೆ ಎಂದರೆ ಡಾಕ್ಟರ ಹತ್ತಿರ ಹೊತ್ತು ಬದಲಿಸಿಕೊಂಡು ಬನ್ನಿ ಎಂದು ಕಳಿಸುತ್ತೇನೆ. ಕೇಳಿದರೆ ಬೇಸರ ಮಾಡಿಕೊಂಡವರು ಒಬ್ಬರೂ ಇಲ್ಲ. ಕೇಳಿದ್ದಕ್ಕೆ ಖುಷಿಪಟ್ಟವರೇ ಜಾಸ್ತಿ.

ಕಿವಿಯ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಕೊರೋನಾ ಬಂದಾಗ ಕೌಂಟರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ನಮಗೂ ಮಾಸ್ಕ್, ಬಂದವರಿಗೂ ಮಾಸ್ಕ್. ಆಗ ನೋಡಿ, ವರ್ಷಗಟ್ಟಲೆ ಸಲೀಸಾಗಿ ಮಾತಾಡುತ್ತಿದ್ದ ಹಿರಿಯರು ಇದ್ದಕ್ಕಿದ್ದಂತೆ "ಎಂತ? ಎಂತ ಹೇಳಿದ್ರಿ?" ಎನ್ನತೊಡಗಿದರು. ಅವರಿಗೆ ಹೊಸದಾಗಿ ಕಿವುಡು ಬಂದಿರಲಿಲ್ಲ. ಅಷ್ಟು ದಿನ ಅರ್ಧ ಕಿವಿಯಿಂದ, ಅರ್ಧ ನಮ್ಮ ತುಟಿ ನೋಡಿ ಕೇಳಿಸಿಕೊಳ್ಳುತ್ತಿದ್ದರು. ಅದು ಅವರಿಗೇ ಗೊತ್ತಿರಲಿಲ್ಲ. ತುಟಿ ಮುಚ್ಚಿದಾಗ ಗೊತ್ತಾಯಿತು.

ವಯಸ್ಸಾದಾಗ ಕಿವಿ ಒಂದೇ ಸಮ ಮಂದವಾಗುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣವಾದ ಸದ್ದು. ಸ, ಶ, ತ, ಕ ಇಂಥ ಅಕ್ಷರಗಳು ಮಸುಕಾಗುತ್ತವೆ, ಆ, ಓ, ಊ ಇಂಥ ಸ್ವರಗಳು ಉಳಿಯುತ್ತವೆ. ಹಾಗಾಗಿ ನಾವು ಮಾತಾಡುತ್ತಿದ್ದೇವೆ ಎಂದು ಅವರಿಗೆ ಚೆನ್ನಾಗಿ ಕೇಳುತ್ತದೆ. ಏನು ಮಾತಾಡಿದೆವು ಎಂಬುದು ಬಿಡಿಸುವುದಿಲ್ಲ. ನಾವು ಕೂಗುತ್ತೇವೆ. ಕೂಗಿದಾಗ ಮೊದಲೇ ಕೇಳುತ್ತಿದ್ದ ಸ್ವರ ಇನ್ನೂ ದೊಡ್ಡದಾಗುತ್ತದೆ, ಕೇಳದ ಅಕ್ಷರ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಕೂಗುವ ಮುಖ ಸಿಟ್ಟಾದ ಮುಖದ ಹಾಗೆ ಕಾಣುತ್ತದೆ. ಅವರು ಹೆದರಿ "ಆಯ್ತು ಆಯ್ತು" ಎನ್ನುತ್ತಾರೆ. 60 ದಾಟಿದವರಲ್ಲಿ ಶೇಕಡಾ 25ಕ್ಕಿಂತ ಹೆಚ್ಚು ಜನರಿಗೆ ದಿನದ ಬದುಕಿಗೆ ತೊಂದರೆಯಾಗುವಷ್ಟು ಕಿವಿ ಮಂದ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕೌಂಟರಿಗೆ ಬರುವವರಲ್ಲಿ ಆ ವಯಸ್ಸಿನವರೇ ಹೆಚ್ಚು.

ಪ್ಲಾಸ್ಟಿಕ್ ಹಾಳೆ ತೆಗೆದ ಮೇಲೆ ಕೌಂಟರಿನ ಒಳಗಿನ ಮೂಲೆಯಲ್ಲಿ, ರಸ್ತೆಗೆ ದೂರವಾಗಿ, ಎರಡು ಸ್ಟೂಲ್ ಹಾಕಿಸಿದೆ. ಹಿರಿಯರನ್ನು ಅಲ್ಲಿ ಕೂರಿಸಿ, ಎದುರಿಗೆ ನಾನೂ ಕೂರುತ್ತೇನೆ. ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ. ಕೂಗುವುದಿಲ್ಲ. ಒಂದೊಂದು ಪದಕ್ಕೂ ಸ್ವಲ್ಪ ಜಾಗ ಬಿಟ್ಟು ಹೇಳುತ್ತೇನೆ. ಕೇಳದಿದ್ದರೆ ಅದೇ ಮಾತನ್ನು ಮತ್ತೆ ಹೇಳುವ ಬದಲು ಬೇರೆ ಪದ ಹಾಕುತ್ತೇನೆ. "ಸಂಜೆ" ಬಿಡಿಸದಿದ್ದರೆ "ಚಾ ಕುಡಿಯುವ ಹೊತ್ತಿಗೆ".

ಆ ಸ್ಟೂಲಿನಿಂದ ನಾನು ಎಣಿಸದ ಇನ್ನೊಂದು ಲಾಭವಾಯಿತು. ಮೂತ್ರದ ಉರಿ, ಮೂಲವ್ಯಾಧಿ, ನಿದ್ದೆ ಬಾರದಿರುವುದು, ಮನಸ್ಸಿನ ಕಾಯಿಲೆಯ ಮಾತ್ರೆ. ಹತ್ತು ಜನರ ಎದುರು "ಇದು ಎಂತಕ್ಕೆ?" ಎಂದು ನಾವು ಗಟ್ಟಿಯಾಗಿ ಕೇಳುತ್ತಿದ್ದೆವು. ಯಾರು ತಾನೆ ಬಾಯಿ ಬಿಡುತ್ತಾರೆ? ಮೂಲೆಯಲ್ಲಿ ಕೂತರೆ ಮಾತು ತಾನಾಗಿ ಬರುತ್ತದೆ.

ಬಂದ ಮಾತನ್ನು ತಡೆಯದೆ ಕೇಳುವುದು ನನಗೆ ಇನ್ನೂ ಕಷ್ಟ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ಡಾಕ್ಟರು ಮತ್ತು ರೋಗಿಗಳ ಮಾತುಕತೆ ಧ್ವನಿಮುದ್ರಿಸಿ ಅಳೆದಿದ್ದರು. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕಿದ್ದರು. ನಾನು ಅಂಗಡಿಯ ಗಡಿಯಾರ ನೋಡಿ ನನ್ನದನ್ನು ಎಣಿಸಿದೆ. ಮೊದಲ ದಿನ ಹತ್ತನ್ನೂ ದಾಟಲಿಲ್ಲ. ಗೊತ್ತಿದ್ದವರಿಗೇ ಅವಸರ ಜಾಸ್ತಿ. ಅರ್ಧ ಕೇಳುವಾಗಲೇ ಉಳಿದರ್ಧ ಹೊಳೆದ ಹಾಗೆ ಆಗುತ್ತದೆ. ಆದರೆ ನಿಜವಾದ ವಿಷಯ ಎಷ್ಟೋ ಸಲ ಕೊನೆಗೆ, ಎದ್ದು ಹೋಗುವಾಗ, ಬರುತ್ತದೆ. "ಮತ್ತೆ ಅಕ್ಕ, ಈ ಮಾತ್ರೆ ತಗೊಂಡ ಮೇಲೆ ಕಾಲು ಊದುತ್ತೆ, ಅದು ಪರವಾಗಿಲ್ವಾ?"

ಇಲ್ಲಿಯವರೆಗೆ ಬರೆದದ್ದೆಲ್ಲ ಹೇಳುವವರ ಮಾತು ಸ್ಪಷ್ಟವಾಗುವ ಬಗ್ಗೆ. ಸ್ಪಷ್ಟವಾಗಿ ಹೇಳಿಯೂ ತಲುಪದ ಮಾತುಗಳಿವೆ. ಅದನ್ನು ಬರೆಯದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ.

ನಮ್ಮಲ್ಲಿ ಗದಗ ಕಡೆಯ ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ಕಪಾಟಿನಿಂದ ಮಾತ್ರೆ ತೆಗೆದುಕೊಡುವುದು, ಸ್ಟಾಕ್ ಜೋಡಿಸುವುದು ಅವನ ಕೆಲಸ. ಒಂದು ಸಂಜೆ ಜನ ತುಂಬಿದ್ದರು. ನಾನೇ ಒಂದು ಬಿಪಿ ಮಾತ್ರೆಯ ಸ್ಟ್ರಿಪ್ ತೆಗೆದು ಬಿಲ್ಲಿಗೆ ಇಟ್ಟೆ. ಅವನು ಮೆಲ್ಲಗೆ "ಅಕ್ಕಾರ, ಒಂದ್ಸಲ ನೋಡ್ರಿ" ಎಂದ. ನಾನು ತಲೆ ಎತ್ತದೆ "ಗೊತ್ತುಂಟು" ಎಂದೆ. ಅವನು ಸುಮ್ಮನಾದ. ಎರಡು ಹೆಜ್ಜೆ ಹಿಂದೆ ಹೋದ. ಮತ್ತೆ ಮುಂದೆ ಬಂದು, ಈ ಸಲ ಸ್ಟ್ರಿಪ್ ಮೇಲೆ ಬೆರಳಿಟ್ಟು, "ಅಕ್ಕಾರ, ಚೀಟ್ಯಾಗ 25 ಐತಿ. ಇದು 50" ಎಂದ.

ಹೌದು. ಒಂದೇ ಕಂಪನಿ, ಒಂದೇ ಬಣ್ಣದ ಪಟ್ಟಿ, ಸಂಖ್ಯೆ ಮಾತ್ರ ಬೇರೆ. ಅವನು ಎರಡನೇ ಸಲ ಬಾಯಿ ತೆರೆಯದಿದ್ದರೆ ಆ ಮಾತ್ರೆ ಯಾರದೋ ಮನೆಗೆ ಹೋಗುತ್ತಿತ್ತು.

ಆ ರಾತ್ರಿ ನನಗೆ ನೆನಪಾದದ್ದು 2010ರ ಮೇ 22. ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತಷ್ಟೆ. ಶನಿವಾರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಂದಕಕ್ಕೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು. ಈ ಊರಿನಲ್ಲಿ ಆ ದಿನವನ್ನು ಮರೆತವರಿಲ್ಲ. ಆಮೇಲೆ ಬಂದ ತನಿಖಾ ವರದಿಯ ಒಂದು ಮಾತು ನನ್ನಲ್ಲಿ ಉಳಿದುಬಿಟ್ಟಿದೆ. ಇಳಿಯುವುದು ಬೇಡ, ಮೇಲಕ್ಕೆ ಎತ್ತಿ ಇನ್ನೊಂದು ಸುತ್ತು ಹಾಕೋಣ ಎನ್ನುವುದಕ್ಕೆ ವಿಮಾನದವರ ಮಾತು "ಗೋ ಅರೌಂಡ್". ಸಹ ಪೈಲಟ್ ಅದನ್ನು ಮೂರು ಸಲ ಹೇಳಿದ್ದರು. ಪಕ್ಕದ ಸೀಟಿನಲ್ಲಿ ಕೂತು ಹೇಳಿದ್ದರು. ಆ ಮಾತಿಗೆ ಎರಡು ಅರ್ಥ ಇಲ್ಲ. ಆದರೂ ವಿಮಾನ ಇಳಿಯಿತು.

ವಿಮಾನದವರು ಮಾತಿನ ಬಗ್ಗೆ ಉಳಿದವರಿಗಿಂತ ಎಚ್ಚರದಿಂದ ಇರುವವರು. 1977ರ ಮಾರ್ಚ್ 27ರಂದು ಸ್ಪೇನಿನ ಟೆನರಿಫೆ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಹೊರಡುತ್ತಿದ್ದೇವೆ ಎಂಬರ್ಥದ ಅಸ್ಪಷ್ಟ ಮಾತಿಗೆ ಕಂಟ್ರೋಲ್ ಟವರಿನಿಂದ "ಓಕೆ" ಎಂಬ ಉತ್ತರ ಹೋಗಿತ್ತು. ಅದರ ಹಿಂದೆಯೇ ಹೇಳಿದ "ಕಾಯಿರಿ" ಎಂಬ ಮಾತು ರೇಡಿಯೋದ ಕೀರಲು ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಅದಾದ ಮೇಲೆ ಟೇಕಾಫ್ ಎಂಬ ಪದವನ್ನು ಟೇಕಾಫ್ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು ಎಂಬ ನಿಯಮ ಬಂತು. ಅನುಮತಿ ಕೇಳಿಸಿಕೊಂಡ ಪೈಲಟ್ ಅದನ್ನು ವಾಪಸ್ ಓದಿ ಹೇಳಲೇಬೇಕು, ಬರೀ ಓಕೆ ಸಾಲದು ಎಂಬುದೂ ಬಿಗಿಯಾಯಿತು. ಅಮ್ಮನ "ಆವು" ಮತ್ತು ಆ ದಿನದ "ಓಕೆ" ನನಗೆ ಒಂದೇ ಥರ ಕೇಳಿಸುತ್ತವೆ. ಬಜ್ಪೆಯದ್ದು ಬೇರೆ. ಅಲ್ಲಿ ಹೇಳಿದ ಮಾತಿನಲ್ಲಿ ಯಾವ ಕೊರತೆಯೂ ಇರಲಿಲ್ಲ.

ಮರುದಿನ ಅಂಗಡಿ ತೆರೆದ ಕೂಡಲೇ ಆ ಹುಡುಗನನ್ನು ಕರೆದು, ಎಲ್ಲರ ಎದುರು, ನಿನ್ನೆ ನೀನು ಮಾಡಿದ್ದು ಸರಿ ಎಂದೆ. ನೀನು ನೋಡು ಅಂದಾಗ ಇನ್ನು ಮುಂದೆ ನನ್ನ ಕೈ ನಿಲ್ಲುತ್ತದೆ, ನಿನಗೆ ತಪ್ಪು ಕಂಡು ಅದು ತಪ್ಪಲ್ಲದಿದ್ದರೂ ಪರವಾಗಿಲ್ಲ ಎಂದೆ. ಅವನು ಏನೂ ಹೇಳಲಿಲ್ಲ. ಒಂದು ವಾರ ಬಿಟ್ಟು "ಅಕ್ಕಾರ, ನೋಡ್ರಿ" ಎಂದ. ನಾನು ನಿಲ್ಲಿಸಿ ನೋಡಿದೆ. ಮಾತ್ರೆ ಸರಿಯಿತ್ತು. ಅವನಿಗೆ ಮುಜುಗರವಾಗದ ಹಾಗೆ "ಸರಿ ಉಂಟು, ಒಳ್ಳೆದಾಯ್ತು ಕೇಳಿದ್ದು" ಎಂದೆ. ನನ್ನ ಮಾತು ಬರೀ ಬಾಯಿಮಾತಾ ಎಂದು ಅವನು ಆ ದಿನ ಪರೀಕ್ಷಿಸಿ ನೋಡಿದ ಎಂದೇ ನನಗೆ ಅನ್ನಿಸುತ್ತದೆ. ಈಗ ದಿನಕ್ಕೆ ಒಂದೆರಡು ಸಲ ಕೇಳುತ್ತಾನೆ. ಮೆಲ್ಲಗೆ ಅಲ್ಲ, ಮಾಮೂಲಿ ದನಿಯಲ್ಲಿ.

ವಾಟ್ಸ್‌ಆ್ಯಪ್ ಬಗ್ಗೆ ಒಂದು ಮಾತು. ಈಗ ಚೀಟಿ ಅದರಲ್ಲೇ ಬರುತ್ತದೆ, ವಿವರಣೆ ಅದರಲ್ಲೇ ಹೋಗುತ್ತದೆ, ಉತ್ತರವಾಗಿ ಹೆಬ್ಬೆರಳಿನ ಚಿತ್ರ ಬರುತ್ತದೆ. ಆ ಹೆಬ್ಬೆರಳನ್ನು ನಾನು ನಂಬುವುದಿಲ್ಲ. ಕೂಡಲೇ ಫೋನ್ ಮಾಡುತ್ತೇನೆ.

ಅಮ್ಮನ ಗಾಯ ವಾಸಿಯಾಯಿತು. ಡಾಕ್ಟರು ಮತ್ತೆ ಹೊಸದಾಗಿ ಐದು ದಿನದ ಮಾತ್ರೆ ಬರೆದರು. ಈ ಸಲ ನಾನು ಎದುರಿಗೆ ಕೂತು ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಎಂದು ಬಿಡಿಸಿ ಹೇಳಿದೆ. ಆಮೇಲೆ, ಅಷ್ಟು ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಬೆಳಿಗ್ಗೆ ತಗೋಬೇಕಾ ಬೇಡವಾ ಎಂದು ಆ ದಿನ ಫೋನಿನಲ್ಲಿ ನಿನಗೆ ಸಂಶಯ ಬರಲಿಲ್ಲವಾ ಅಮ್ಮ?

"ಬಂತು" ಎಂದಳು.

ಮತ್ತೆ ಯಾಕೆ ಕೇಳಲಿಲ್ಲ?

"ನಿನ್ನ ಅಂಗಡಿಯಲ್ಲಿ ಜನ ಇದ್ರಲ್ಲ. ಸದ್ದು ಕೇಳ್ತಿತ್ತು. ನಿನಗೆ ತೊಂದರೆ ಯಾಕೆ ಅಂತ."

ನಾನು ಏನೂ ಹೇಳಲಿಲ್ಲ. ಅವಳ ಪಕ್ಕದಲ್ಲಿ ಮೊಗ್ಗಿನ ಬುಟ್ಟಿ ಇತ್ತು. ಕೈ ಸುಮ್ನೆ ಇರಲಿಲ್ಲ, ನಾರು ಎತ್ತಿಕೊಂಡು ಕಟ್ಟಲು ಕೂತೆ. ಮರೆತೇ ಹೋಗಿತ್ತು. ನಾಲ್ಕು ಮೊಗ್ಗು ಇಟ್ಟು ಸುತ್ತಿದೆ, ಸಡಿಲವಾಯಿತು.

ಅಮ್ಮ ನೋಡಿದಳು. ನನ್ನ ಕೈಯಿಂದ ತೆಗೆದುಕೊಂಡು, ನಿಧಾನವಾಗಿ ಎರಡು ಸುತ್ತು ಕಟ್ಟಿ ತೋರಿಸಿದಳು. ನಂತರ ತಾನು ಕಟ್ಟಿದ್ದನ್ನೇ ಬಿಚ್ಚಿ, ನಾರನ್ನೂ ಮೊಗ್ಗನ್ನೂ ನನ್ನ ಕೈಗೆ ವಾಪಸ್ ಕೊಟ್ಟು, ನನ್ನ ಬೆರಳನ್ನೇ ನೋಡುತ್ತಾ ಕೂತಳು. ಏಳು ವರ್ಷದವಳಿದ್ದಾಗಲೂ ಹೀಗೇ ಕಲಿಸಿದ್ದಳು. ಗೊತ್ತಾಯ್ತಾ ಎಂದು ಅವಳು ಒಮ್ಮೆಯೂ ಕೇಳಿದ ನೆನಪಿಲ್ಲ.

ಎರಡನೇ ಸುತ್ತಿಗೆ ಗಂಟು ಬಿಗಿಯಾಗಿ ಕೂತಿತು. ಅಮ್ಮ ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು.